ಗಿಟ್‌ಗೆ ಮೂರನೆಯ ಪ್ರತಿ ಏಕೆ ಬೇಕು?

ಮಕ್ಕಳೇ, ನೀವೂ ನಿಮ್ಮ ಗೆಳತಿಯೂ ಸೇರಿ ಕಂಪ್ಯೂಟರಿನಲ್ಲಿ ಒಂದು ರಸಪ್ರಶ್ನೆ ಆಟ ಬರೆಯುತ್ತಿದ್ದೀರಿ ಎನ್ನಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿಬಿಟ್ಟರೆ ಜಗಳವೇ ಸರಿ! ಪ್ರೋಗ್ರಾಂ ಬರೆಯುವವರು ಇದಕ್ಕಾಗಿಯೇ ಗಿಟ್ ಎಂಬ ತಂತ್ರಾಂಶ ಬಳಸುತ್ತಾರೆ. ಲಿನಕ್ಸ್ ಎಂಬ ಇನ್ನೊಂದು ತಂತ್ರಾಂಶವನ್ನು ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ಬರೆದರು. ಲಿನಕ್ಸ್‌ಗೆ ಹಲವು ದೇಶಗಳಿಂದ ಸಾವಿರಾರು ಜನ ತಿದ್ದುಪಡಿ ಕಳಿಸುತ್ತಾರೆ. ನಿಮ್ಮಿಬ್ಬರ ಜಗಳ ಅದರ ಮುಂದೆ ಏನೂ ಅಲ್ಲ.

ಗಿಟ್‌ನಲ್ಲಿ ಮುಖ್ಯ ಪ್ರತಿಯನ್ನು ಮುಟ್ಟದೆ, ಪಕ್ಕದಲ್ಲೇ ಒಂದು ಬ್ರಾಂಚ್, ಅಂದರೆ ಕವಲು, ಮಾಡಿಕೊಂಡು ಕೆಲಸ ಮಾಡಬಹುದು. ಸೋಮವಾರ ನೀವು ಕವಲು ಮಾಡಿಕೊಂಡು ಹೊಸ ಪ್ರಶ್ನೆಗಳನ್ನು ಸೇರಿಸತೊಡಗಿದಿರಿ. ಬುಧವಾರ ಗೆಳತಿ ಮುಖ್ಯ ಪ್ರತಿಯಲ್ಲಿ ಆಟದ ನೀಲಿ ಬಣ್ಣವನ್ನು ಕೆಂಪು ಮಾಡಿದಳು. ನಿಮ್ಮ ಕವಲಿಗೆ ಅದು ಗೊತ್ತೇ ಇಲ್ಲ, ಅಲ್ಲಿನ್ನೂ ನೀಲಿಯೇ. ಹೊಸದನ್ನು ಕವಲಿಗೆ ತಂದು ಬೆರೆಸಿಕೊಳ್ಳಬೇಕು. ಇದೇ ಮರ್ಜ್.

ಬೆರೆಸುವಾಗ ಗಿಟ್‌ಗೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಕಾಣುತ್ತದೆ. ಯಾವುದು ಹೊಸದು? ಎರಡನ್ನೇ ನೋಡಿದರೆ ಯಾರೂ ಹೇಳಲಾರರು. ಅದಕ್ಕೆ ಗಿಟ್ ಮೂರನೆಯ ಪ್ರತಿಯನ್ನೂ ತೆಗೆದು ನೋಡುತ್ತದೆ: ಕವಲು ಒಡೆಯುವ ಮೊದಲಿದ್ದ ಸೋಮವಾರದ ಪ್ರತಿ. ಅಲ್ಲಿ ನೀಲಿ ಇದೆ. ಹಾಗಾದರೆ ಬದಲಿಸಿದವಳು ಗೆಳತಿ, ಕೆಂಪು ಉಳಿಯಲಿ. ಎಂಥ ಪತ್ತೇದಾರಿ ನೋಡಿ!

ನೀವೂ ಅದೇ ಸಾಲನ್ನು ಹಸಿರು ಮಾಡಿದ್ದರೆ? ಆಗ ಗಿಟ್ ತೀರ್ಪು ಕೊಡುವುದಿಲ್ಲ. ಕೆಂಪು, ಹಸಿರು ಎರಡನ್ನೂ ಗುರುತು ಹಾಕಿ ನಿಮ್ಮ ಮುಂದಿಡುತ್ತದೆ. ಇದನ್ನು ಕಾನ್‌ಫ್ಲಿಕ್ಟ್ ಎನ್ನುತ್ತಾರೆ. ಕೇಳಲು ಭಯಂಕರ, ಆದರೆ ಇಬ್ಬರೂ ಕೂತು ಮಾತಾಡಿಕೊಂಡರೆ ಮುಗಿಯುತ್ತದೆ. ತಿಂಗಳುಗಟ್ಟಲೆ ಮರ್ಜ್ ಮಾಡದೆ ಬಿಟ್ಟರೆ ಮಾತ್ರ ಇಂಥವು ರಾಶಿ ಬೀಳುತ್ತವೆ.

ನನಗೆ ಕಾನ್‌ಫ್ಲಿಕ್ಟ್‌ಗಿಂತ ಸದ್ದಿಲ್ಲದ ಮರ್ಜ್ ಮೇಲೆಯೇ ಹೆಚ್ಚು ಅನುಮಾನ. ಗಿಟ್ ಸಾಲುಗಳನ್ನು ಹೋಲಿಸುತ್ತದೆ ಅಷ್ಟೇ, ಅವುಗಳ ಅರ್ಥ ಅದಕ್ಕೆ ತಿಳಿಯದು. ಗೆಳತಿ ಪ್ರೋಗ್ರಾಂನಲ್ಲಿ 'ಅಂಕ' ಎಂಬ ಹೆಸರನ್ನು ಎಲ್ಲ ಕಡೆ 'ಮೊತ್ತ' ಎಂದು ಬದಲಿಸಿದ್ದಾಳೆ. ನೀವು ಬೇರೆಲ್ಲೋ ಹೊಸ ಸಾಲಿನಲ್ಲಿ 'ಅಂಕ' ಎಂದೇ ಬರೆದಿದ್ದೀರಿ. ಸಾಲುಗಳು ಬೇರೆ ಬೇರೆ, ಹಾಗಾಗಿ ಗಿಟ್ ತಕರಾರಿಲ್ಲದೆ ಬೆರೆಸುತ್ತದೆ. ಆಟ ಮಾತ್ರ ಕೈಕೊಡುತ್ತದೆ! ಕೆಟ್ಟಿದ್ದು ನಿಮ್ಮ ಕವಲಿನಲ್ಲೇ ಆದ್ದರಿಂದ ಮುಖ್ಯ ಪ್ರತಿಗೆ ಏನೂ ಆಗಿಲ್ಲ. ಆದರೂ ಮರ್ಜ್ ಮಾಡಿದ ಮೇಲೆ ಆಟವನ್ನು ಒಮ್ಮೆ ಪೂರ್ತಿ ಆಡಿ ನೋಡಿ.