ಉದ್ಯಮಗಳಲ್ಲಿ ಕಾರ್ಯನಿರ್ವಹಣ ಶಾಸ್ತ್ರದ ಮೂಲತತ್ತ್ವಗಳು
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠದ ಶಿಷ್ಯವರ್ಗದಲ್ಲಿ ವ್ಯಾಪಾರಸ್ಥರೂ, ಗಿರಣಿಗಳನ್ನು ನಡೆಯಿಸುವವರೂ, ಒಕ್ಕಲುತನದವರೂ ಅನೇಕರಿರುವರು. ಅವರ ಮಕ್ಕಳಲ್ಲಿ ಹಲವರು ಈಗ ಕಾಲೇಜುಗಳಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಎಂಬ ವಿಷಯವನ್ನು ಅಭ್ಯಾಸ ಮಾಡುತ್ತಿರುವರು. ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಸಾಮಗ್ರಿಯನ್ನೂ ಜನರ ಶ್ರಮವನ್ನೂ ಕಾಲವನ್ನೂ ಕೂಡಿಸಿ, ಬೇಕಾದ ಪದಾರ್ಥವನ್ನು ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಮುಟ್ಟಿಸುವ ಬಗೆಯನ್ನು ವಿಚಾರಿಸತಕ್ಕ ಶಾಸ್ತ್ರವಿದು. ಕಾರ್ಯನಿರ್ವಹಣ ಶಾಸ್ತ್ರವೆಂದು ಇದನ್ನು ಕರೆಯಲಡ್ಡಿಯಿಲ್ಲ.

ಇದರ ಮೊದಲನೆಯ ಪಾಠಕ್ಕಾಗಿ ದೂರ ಹೋಗಬೇಕಾದುದಿಲ್ಲ. ಜಾತ್ರೆಯ ದಿವಸ ದಾಸೋಹದ ಮನೆಯಲ್ಲಿ ನಿಂತು ನೋಡಿದರೆ ಸಾಕು. ಒಮ್ಮೆಗೆ 300 ಜನ ಕುಳಿತುಕೊಳ್ಳಬಹುದೆಂದೂ, ಒಂದು ಪಂಕ್ತಿ ಕುಳಿತು ಎದ್ದು ಸ್ಥಳ ಶುಚಿಯಾಗುವುದಕ್ಕೆ ಅರ್ಧ ಗಂಟೆ ಹಿಡಿಯುವುದೆಂದೂ ಇಟ್ಟುಕೊಳ್ಳಿರಿ. ಗಂಟೆಗೆ 600 ಜನರ ಪ್ರಸಾದವಾಗುವುದು. 3,000 ಜನರಿಗೆ 5 ಗಂಟೆ ಬೇಕು. ಅಡಿಗೆಯವರನ್ನು ಇಮ್ಮಡಿ ಮಾಡಿದರೂ, ಹೊಸ ಕೊಪ್ಪರಿಗೆಗಳನ್ನು ತಂದರೂ, ಈ ಲೆಕ್ಕದಲ್ಲಿ ಒಂದು ನಿಮಿಷವೂ ಕಡಿಮೆಯಾಗದು. ಬೆಂದ ಅನ್ನವು ತಣ್ಣಗಾಗುತ್ತ ಕಾದಿರುವುದು, ಅಷ್ಟೆ. ಹಾಗಲ್ಲದೆ ಎಲೆ ತೆಗೆದು ನೆಲ ಒರಸುವವರು ನಾಲ್ವರು ಹೆಚ್ಚಾಗಿ, ಅರ್ಧ ಗಂಟೆಯ ಕೆಲಸವು 25 ನಿಮಿಷಕ್ಕೆ ಇಳಿಯಿತೆನ್ನಿರಿ. ಗಂಟೆಗೆ 720 ಜನರಾದರು, ಬಿಸಿಲಿನಲ್ಲಿ ನಿಂತ ಕಡೆಯ ಭಕ್ತನಿಗೆ ಸುಮಾರು 50 ನಿಮಿಷ ಉಳಿಯಿತು. ಇಡೀ ಕಾರ್ಯದ ವೇಗವನ್ನು ನಿರ್ಣಯಿಸತಕ್ಕದ್ದು ಅದರ ಅತ್ಯಂತ ಇಕ್ಕಟ್ಟಾದ ಬಾಗಿಲೊಂದೇ. ಒಳಗಿರುವವರ ಸಂಖ್ಯೆ, ಬರುವವರ ವೇಗ, ತಂಗುವ ಕಾಲ, ಈ ಮೂರರ ಸಂಬಂಧವನ್ನು ಅಮೆರಿಕಾ ದೇಶದ ಜಾನ್ ಲಿಟಲ್ ಎಂಬ ವಿದ್ವಾಂಸನು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದನು. ಕೊಪ್ಪರಿಗೆಯನ್ನು ದಾನಮಾಡಲು ದಾನಿಗಳು ಸುಲಭವಾಗಿ ದೊರೆಯುವರು. ಎಲೆ ತೆಗೆಯಲು ಅಷ್ಟು ಸುಲಭವಾಗಿ ದೊರೆಯರು ಎಂಬುದು ಬೇರೆ ಮಾತು.

ಆದರೆ ಈ ಶಾಸ್ತ್ರದ ತಿರುಳು ಲೆಕ್ಕದಲ್ಲಿಲ್ಲ. ತಪ್ಪು ಘಟಿಸಿದಾಗ ಏನು ಮಾಡಬೇಕೆಂಬಲ್ಲಿ ಇದೆ. ಅದನ್ನು ಲೋಕಕ್ಕೆ ಕಲಿಸಿದುದು ಒಂದು ಮಗ್ಗ.

ಜಪಾನು ದೇಶದ ಸಕಿಚಿ ಟೊಯೊಡಾ ಎಂಬಾತನು 1867ರಲ್ಲಿ ಬಡಗಿಯೊಬ್ಬನ ಮನೆಯಲ್ಲಿ ಜನಿಸಿದನು. ಹಳ್ಳಿಯ ಹೆಂಗಸರು ಮಗ್ಗದಲ್ಲಿ ಪಡುತ್ತಿದ್ದ ಶ್ರಮವನ್ನು ಕಂಡು, ಮಗ್ಗವನ್ನು ಸುಧಾರಿಸುವುದರಲ್ಲಿಯೇ ಆಯುಷ್ಯವನ್ನು ಕಳೆದನು. 1924ರಲ್ಲಿ ಸಿದ್ಧವಾದ ಆತನ ಸ್ವಯಂಚಾಲಿತ ಮಗ್ಗದಲ್ಲಿ ಓಟ ನಿಲ್ಲದೆಯೇ ಲಾಳಿ ಬದಲಾಗುತ್ತಿತ್ತು. ಹಾಸಿನ ಒಂದೇ ಒಂದು ನೂಲು ಹರಿದರೂ ಮಗ್ಗವು ತಾನಾಗಿಯೇ ನಿಂತುಬಿಡುತ್ತಿತ್ತು. ನೇಕಾರರ ಮನೆಗಳಲ್ಲಿ ಬೆಳೆದವರಿಗೆ ಇದರ ಬೆಲೆ ಗೊತ್ತು. ಹರಿದ ನೂಲನ್ನು ಕಾಣದೆ ನೇಯ್ದಷ್ಟೂ ಬಟ್ಟೆ ಕೆಡುವುದು. ಆದಕಾರಣ ಪ್ರತಿಯೊಂದು ಯಂತ್ರದ ಬಳಿಯಲ್ಲಿಯೂ ಮನುಷ್ಯನೊಬ್ಬನು ಕಾವಲುಗಾರನಂತೆ ನಿಂತಿರಬೇಕು. ಯಂತ್ರವೇ ತನ್ನ ತಪ್ಪನ್ನು ತಾನು ಒಪ್ಪಿಕೊಂಡು ನಿಂತರೆ ಒಬ್ಬನೇ ಅನೇಕ ಮಗ್ಗಗಳನ್ನು ನೋಡಿಕೊಳ್ಳಬಲ್ಲನು. ನೇಯ್ಗೆಯ ಯಂತ್ರಗಳಿಗೆ ತವರಾದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಯವರೇ 1929ರಲ್ಲಿ ಈ ಮಗ್ಗದ ಹಕ್ಕನ್ನು 1 ಲಕ್ಷ ಪೌಂಡುಗಳಿಗೆ ಕೊಂಡರು.

ಆತನ ಮಗನಾದ ಕಿಚಿರೊ 1937ರಲ್ಲಿ ಸ್ಥಾಪಿಸಿದ ಮೋಟಾರು ಕಂಪನಿಯಲ್ಲಿ, ಕಾಲಕ್ರಮದಲ್ಲಿ, ಈ ತತ್ತ್ವವು ಯಂತ್ರದಿಂದ ಮನುಷ್ಯನಿಗೆ ಬಂದಿತು. ಕೆಲಸದ ಸಾಲಿನ ಮೇಲೆ ಒಂದು ಹಗ್ಗ ತೂಗುತ್ತಿರುವುದು. ದೋಷವನ್ನು ಕಂಡ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಮೇಲಿನವನು ಓಡಿ ಬರುವನು. ಗೊತ್ತಾದ ಹೊತ್ತಿನೊಳಗೆ ದೋಷ ತೀರದಿದ್ದರೆ ಸಾಲೇ ನಿಲ್ಲುವುದು. ಕೆಲಸ ನಿಲ್ಲಿಸುವ ಅಧಿಕಾರವನ್ನು ಅತ್ಯಂತ ಕೆಳಗಿನವನ ಕೈಯಲ್ಲಿಡುವುದು ಯಜಮಾನರಿಗೆ ಸುಲಭದ ಮಾತಲ್ಲ. ಹಗ್ಗವನ್ನು ತೂಗುಹಾಕಿ, ಎಳೆದವನನ್ನು ಗದರಿಸಿದರೆ, ಮರುದಿನ ಯಾರೂ ಎಳೆಯರು. ದೋಷವು ಮುಚ್ಚಿಕೊಂಡು ಗಿರಾಕಿಯ ಮನೆಗೆ ಹೋಗುವುದು.

ಅದೇ ಕಂಪನಿಯ ತೈಚಿ ಒನೊ ಎಂಬ ಯಂತ್ರಜ್ಞನು ಮತ್ತೊಂದು ತತ್ತ್ವವನ್ನು ನೆಲೆಗೊಳಿಸಿದನು. ಅಮೆರಿಕಾದ ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿಯು ಬೇಕಾದಷ್ಟನ್ನೇ ಒಯ್ಯುವನು, ಅಂಗಡಿಯವನು ಒಯ್ದಷ್ಟನ್ನೇ ಮತ್ತೆ ತುಂಬುವನು. ಕಾರ್ಖಾನೆಯಲ್ಲಿಯೂ ಹಾಗೆಯೇ, ಮುಂದಿನವನು ಚೀಟಿಯೊಡನೆ ಕೇಳಿದಷ್ಟನ್ನೇ ಹಿಂದಿನವನು ಮಾಡತಕ್ಕದ್ದು. ಒನೊ ಎಣಿಸಿದ ಏಳು ಬಗೆಯ ವ್ಯರ್ಥಗಳಲ್ಲಿ ಬೇಕಾದುದಕ್ಕಿಂತ ಹೆಚ್ಚು ಮಾಡುವುದೇ ಅತಿ ಕೆಟ್ಟದ್ದು; ಏಕೆಂದರೆ ರಾಶಿಯ ಕೆಳಗೆ ಉಳಿದೆಲ್ಲ ತಪ್ಪುಗಳೂ ಅಡಗಿಕೊಳ್ಳುವುವು.

ಇದನ್ನು ಕೇಳಿದಾಗ ಶರಣಬಂಧುಗಳಿಗೆ ಆಯ್ದಕ್ಕಿ ಮಾರಯ್ಯನವರೂ ಲಕ್ಕಮ್ಮನವರೂ ನೆನಪಾಗದಿರರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರಷ್ಟೆ. ಆ ತಾಯಿಯ ಮಾತು ಶಿವಾಚಾರದ ಮಾತು, ಒನೊನದು ಕಾರ್ಖಾನೆಯ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೂ ಹೆಚ್ಚಳವನ್ನು ಕಂಡಾಗ ಹಿಗ್ಗದೆ, ಇದು ಏಕೆ ಬಂತೆಂದು ಕೇಳಿದ ದೃಷ್ಟಿ ಮಾತ್ರ ಇಬ್ಬರಲ್ಲಿಯೂ ಉಂಟು.

ಸಂಗ್ರಹವೇ ಇಲ್ಲದಿದ್ದರೆ ಆಪತ್ತಿನಲ್ಲಿ ಗತಿಯೇನೆಂದು ಕೇಳುವವರ ಸಂದೇಹ ನ್ಯಾಯವಾದುದೇ. 1997ನೆಯ ಫೆಬ್ರವರಿ 1ರಂದು ಜಪಾನಿನ ಕರಿಯಾ ಎಂಬಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದಿತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಸಣ್ಣ ಕವಾಟವು ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತಿತ್ತು. ಕೈಯಲ್ಲಿದ್ದ ಸಂಗ್ರಹವು ಬಹು ಸ್ವಲ್ಪ ಮಾತ್ರ. ಕಾರ್ಖಾನೆಗಳು ನಿಂತವು. ಆಗ ಸುತ್ತಲಿನ ಕಂಪನಿಗಳು, ಹೊಲಿಗೆಯ ಯಂತ್ರ ಮಾಡುವವರು ಸಹ, ತಾವೆಂದೂ ಮಾಡದ ಆ ಕವಾಟವನ್ನು ಮಾಡಲು ನಿಂತು, ಸುಮಾರು ಒಂದು ವಾರದೊಳಗೆ ಸಾಲನ್ನು ಮತ್ತೆ ನಡೆಯಿಸಿದರು. ಕಣಜ ಬರಿದಾಗಿದ್ದರೂ ನೆರೆಹೊರೆ ಬರಿದಾಗಿರಲಿಲ್ಲ. ಅಂಥ ನೆರೆಹೊರೆಯಿಲ್ಲದೆ ಕಣಜವನ್ನು ಬರಿದುಮಾಡುವವನು ಅವಿವೇಕಿ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಈ ಪದ್ಧತಿಯು 1999ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಮೂಲಕ ಕನ್ನಡ ನಾಡಿಗೂ ಬಂದಿತು. ಅಲ್ಲಿಯೂ 2014ರಲ್ಲಿ ವೇತನದ ವಿಷಯವಾಗಿಯೂ, 2020ರಲ್ಲಿ ಕೆಲಸದ ಹೊರೆಯ ವಿಷಯವಾಗಿಯೂ ವಿವಾದಗಳೆದ್ದು ಬೀಗ ಬಿದ್ದುದುಂಟು. ಯಾರ ಪಕ್ಷ ನ್ಯಾಯವೆಂದು ತೀರ್ಮಾನಿಸುವುದು ಈ ಸಭೆಯ ಕೆಲಸವಲ್ಲ. ವ್ಯರ್ಥವನ್ನು ಕಳೆಯುವುದು ಬೇರೆ, ವಿಶ್ರಾಂತಿಯನ್ನು ಕಳೆಯುವುದು ಬೇರೆ. ಕಾಗದದ ಮೇಲೆ ಎರಡೂ ಒಂದೇ ಅಂಕಿಯಾಗಿ ಕಾಣುವುದರಿಂದ ಅಭ್ಯಾಸಿಗಳು ಬಹಳ ಜಾಗರೂಕರಾಗಿರಬೇಕು.

ಒನೊ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತವೊಂದನ್ನು ಬರೆದು, ಶಿಷ್ಯನನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ, ಏನು ಕಂಡೆಯೆಂದು ಕೇಳುತ್ತಿದ್ದನೆಂದು ಹೇಳುವರು. ಈ ಶಾಸ್ತ್ರವನ್ನು ಓದುತ್ತಿರುವ ತರುಣರು ನಾಳೆಯ ದಾಸೋಹದಲ್ಲಿ, ಬಡಿಸುವುದಕ್ಕೆ ಮುನ್ನ, ಬಾಗಿಲ ಪಕ್ಕದಲ್ಲಿ ಒಂದು ಗಂಟೆ ನಿಂತು, ಯಾರು ಎಲ್ಲಿ ಎಷ್ಟು ಹೊತ್ತು ಕಾಯುತ್ತಾರೆಂಬುದನ್ನು ಬರೆದುಕೊಂಡು ಉಗ್ರಾಣದವರಿಗೆ ಒಪ್ಪಿಸಲಿ.