ಕನ್ನಡ ಶಾಲೆಯ ಹಾಜರಿ ಪುಸ್ತಕ
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸರಕಾರಿ ಪ್ರಾಥಮಿಕ ಶಾಲೆಯ ಮಾತು ಬಂದೊಡನೆ ನಮ್ಮ ಪಟ್ಟಣಗಳಲ್ಲಿ ಕೇಳಿಬರುವ ಪ್ರಶ್ನೆಯು ಒಂದೇ: “ಅಲ್ಲಿ ಏನು ಕಲಿಸುತ್ತಾರೆ?” ಇದನ್ನು ಕೇಳುವ ಹಕ್ಕು ಎಲ್ಲರಿಗೂ ಉಂಟು. ಆದರೆ ಇದಕ್ಕೂ ಮೊದಲು ಕೇಳತಕ್ಕ ಇನ್ನೊಂದು ಪ್ರಶ್ನೆಯನ್ನು ನಾವು ಮರೆತಿದ್ದೇವೆ. ಅಲ್ಲಿ ಕುಳಿತವರು ಯಾರ ಮಕ್ಕಳು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ತಮ್ಮ ಮುಂದಿಡುವುದೇ ನಮ್ಮ ಇಂದಿನ ಉದ್ದೇಶವು.

ಕಹಿಯಾದ ಸತ್ಯವನ್ನು ಮೊದಲೇ ಹೇಳಿಬಿಡೋಣ. ಭಾರತದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯು ಎಲ್ಲರಿಗೂ ತಿಳಿದದ್ದೇ. ಸರಕಾರಿ ಶಾಲೆಗಳ ಮೂರನೆಯ ಇಯತ್ತೆಯ ಮಕ್ಕಳಲ್ಲಿ ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲವರು ೨೦೧೮ರಲ್ಲಿ ನೂರಕ್ಕೆ ೨೦.೯, ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದ ತರುವಾಯ, ೨೦೨೨ರಲ್ಲಿ ೧೬.೩; ೨೦೨೪ರಲ್ಲಿ ೨೩.೪. ಏರಿಕೆಯು ಸಂತೋಷದ ವಿಷಯವೇ ಸರಿ. ಆದರೂ ನಾಲ್ವರಲ್ಲಿ ಮೂವರು ಓದಲಾರರೆಂಬುದು ನಾಚಿಕೆಯ ಸಂಗತಿಯಲ್ಲವೇ?

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿರಿ. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಸರಕಾರಿ ಶಾಲೆಯಲ್ಲಿದ್ದವರು ೨೦೧೮ರಲ್ಲಿ ನೂರಕ್ಕೆ ೬೫.೬, ೨೦೨೨ರಲ್ಲಿ ೭೨.೯, ೨೦೨೪ರಲ್ಲಿ ೬೬.೮. ಸಂಕಟದ ದಿನಗಳಲ್ಲಿ ಜನರು ಈ ಶಾಲೆಯ ಬಾಗಿಲಿಗೆ ಬಂದರು. ಸಂಕಟವು ತೀರಲು, ಬಹುಮಟ್ಟಿಗೆ ತಿರುಗಿ ಹೊರಟರು. ಶುಲ್ಕ ಕೊಡಬಲ್ಲವರು ಹೋದ ಮೇಲೆ ಉಳಿಯುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಜರಿ ಪುಸ್ತಕವನ್ನು ತೆರೆದು ನೋಡೋಣ. ಕೂಲಿಕಾರರ ಮಕ್ಕಳು, ತಮ್ಮ ಮನೆತನದಲ್ಲಿ ಮೊತ್ತಮೊದಲಿಗೆ ಅಕ್ಷರ ಹಿಡಿದವರು, ಅಣ್ಣನನ್ನು ಶುಲ್ಕದ ಶಾಲೆಗೆ ಕಳಿಸಿ ಇಲ್ಲಿಗೆ ಕಳಿಸಲ್ಪಟ್ಟ ತಂಗಿಯರು. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಕರಾವಳಿಯಲ್ಲಿ ತುಳು ಇಲ್ಲವೆ ಬ್ಯಾರಿ, ಕಲಬುರಗಿಯಲ್ಲಿ ಉರ್ದು, ಬೆಂಗಳೂರಿನಲ್ಲಿ ತಮಿಳು, ತೆಲುಗು. ಕನ್ನಡ ಶಾಲೆಯಲ್ಲಿ ಕನ್ನಡವೇ ಎರಡನೆಯ ಮಾತಾದ ಮಕ್ಕಳು ಎಷ್ಟೋ ಮಂದಿ! ಸುಗ್ಗಿ ಮುಗಿಯಲು ತಂದೆತಾಯಿಗಳೊಡನೆ ಗುಳೆ ಹೋದ ಮಗುವಿನ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಬೀಳುತ್ತದೆ. ಇವರ ಫಲಿತಾಂಶವನ್ನು, ಮನೆಯಲ್ಲಿ ಪುಸ್ತಕವೂ ಪಾಠ ಹೇಳಿಕೊಡುವ ತಾಯಿಯೂ ಉಳ್ಳ ಮಗುವಿನ ಫಲಿತಾಂಶದೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ಮನೆಗೆ ಹೇಳಿದ ಮಾತು ಸೀಮೆಗೂ ಒಪ್ಪುವುದು. ೧೯೫೬ನೆಯ ನವೆಂಬರ ೧ರಂದು ಕನ್ನಡ ನಾಡು ಒಂದಾಯಿತು. ಆದರೆ ೨೦೧೧ರ ಜನಗಣತಿಯಲ್ಲಿ ಅಕ್ಷರಸ್ಥರು ದಕ್ಷಿಣ ಕನ್ನಡದಲ್ಲಿ ನೂರಕ್ಕೆ ೮೮.೬, ಯಾದಗಿರಿಯಲ್ಲಿ ೫೧.೮! ನಿಜಾಮರ ಆಳಿಕೆಯಲ್ಲಿ ಶಿಕ್ಷಣವು ಬಹುಮಟ್ಟಿಗೆ ಉರ್ದುವಿನಲ್ಲಿಯೇ ನಡೆದು, ಕನ್ನಡ ಶಾಲೆಗಳು ವಿರಳವಾಗಿದ್ದ ಸೀಮೆಯದು. ಅಜ್ಜನಿಗೆ ದೊರೆಯದ ಶಾಲೆಯ ಸಾಲವನ್ನು ಮೊಮ್ಮಗನು ಇಂದಿಗೂ ತೀರಿಸುತ್ತಿದ್ದಾನೆ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ೩೯ ತಾಲೂಕುಗಳಲ್ಲಿ ೨೧ ಗುಲಬರ್ಗಾ ವಿಭಾಗದವೇ ಆಗಿದ್ದವು. ನಕಾಶೆಯ ಏಕೀಕರಣವು ಮುಗಿದಿದೆ. ಮಕ್ಕಳ ಓದಿನ ಏಕೀಕರಣವು ಮುಗಿದಿಲ್ಲ.

ಆದರೆ ಬಂಧುಗಳೇ, ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಮಕ್ಕಳನ್ನು ಅರಿಯದೆ ಶಾಲೆಯನ್ನು ಹಳಿಯುವುದು ಒಂದು ತಪ್ಪು. “ಇಂಥ ಮಕ್ಕಳಿಗೆ ಇಷ್ಟೇ ಬರುವುದು” ಎಂದು ಕೈಚೆಲ್ಲುವುದು ಅದಕ್ಕಿಂತ ಘೋರವಾದ ತಪ್ಪು. ಮೊದಲನೆಯದನ್ನು ಪಟ್ಟಣಿಗರು ಮಾಡುತ್ತಾರೆ; ಎರಡನೆಯದನ್ನು, ಮನ್ನಿಸಿರಿ, ನಾವು ಉಪಾಧ್ಯಾಯರು ಮಾಡುತ್ತೇವೆ. ಬಡತನವು ಫಲಿತಾಂಶಕ್ಕೆ ಕಾರಣವಾಗಬಹುದು. ನಮ್ಮ ಆಲಸ್ಯಕ್ಕೆ ನೆವವಾಗಬಾರದು.

ಮಾರ್ಗವಿಲ್ಲವೆಂದೇನೂ ಅಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದ ಸಾಮಾನ್ಯ ಉಪಾಧ್ಯಾಯರೇ ‘ನಲಿ-ಕಲಿ’ಯನ್ನು ಆರಂಭಿಸಿದರು. ಪಾಠಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಮಗುವು ತನ್ನ ಶಕ್ತಿಗೆ ತಕ್ಕಂತೆ ಒಂದೊಂದನ್ನೇ ಏರುವ ಏರ್ಪಾಡದು. ಹಲವು ದಿನ ಬಿಟ್ಟು ಬಂದ ಮಗುವು ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಸಾಗಬಹುದು. ‘ದಡ್ಡ’ನೆಂಬ ಬಿರುದು ಅದಕ್ಕಿಲ್ಲ. ೨೦೦೯-೧೦ರಿಂದ ಈ ಪದ್ಧತಿಯು ರಾಜ್ಯದಾದ್ಯಂತ ಹಬ್ಬಿತು. ಹಾಗೆಯೇ ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು, ಹಸಿದ ಹೊಟ್ಟೆಗೆ ಅಕ್ಷರವು ಹತ್ತದೆಂಬ ಸತ್ಯವನ್ನು ಒಪ್ಪಿಕೊಂಡಿತು. ಮಕ್ಕಳು ಯಾರೆಂಬುದನ್ನು ಮೊದಲು ತಿಳಿದು ಬಳಿಕ ಏರ್ಪಾಡು ಮಾಡಿದುದೇ ಇವೆರಡರ ಹಿರಿಮೆಯು.

ಆದುದರಿಂದ ನಮ್ಮ ವಿಜ್ಞಾಪನೆಯು ಇಷ್ಟೇ. ಉಪಾಧ್ಯಾಯರು ಮಗುವನ್ನು ಪಕ್ಕದ ಶಾಲೆಯ ಮಗುವಿನೊಡನೆ ಹೋಲಿಸದೆ, ಅದರ ನಿನ್ನೆಯೊಡನೆ ಹೋಲಿಸಲಿ. ಜೂನಿನಲ್ಲಿ ಎಷ್ಟು ಓದುತ್ತಿತ್ತು, ಮಾರ್ಚಿಯಲ್ಲಿ ಎಷ್ಟು ಓದುತ್ತದೆ ಎಂಬುದನ್ನು ಬರೆದಿಡಲಿ. ಮನೆಮಾತು ಯಾವುದು, ಗುಳೆ ಹೋಗುವ ತಿಂಗಳು ಯಾವುದು ಎಂಬುದನ್ನೂ ಹೆಸರಿನ ಪಕ್ಕದಲ್ಲಿ ಗುರುತಿಸಲಿ. ಪಟ್ಟಣದ ಹಿರಿಯರು ವರ್ಷಕ್ಕೊಮ್ಮೆ ಧ್ವಜವನ್ನೇರಿಸಿ ಮನೆಗೆ ಮರಳದೆ, ಒಂದು ದಿನ ಮೂರನೆಯ ಇಯತ್ತೆಯಲ್ಲಿ ಕುಳಿತು ಮಕ್ಕಳ ಬಾಯಿಂದ ಒಂದು ಪಾಠವನ್ನು ಓದಿಸಿ ಕೇಳಲಿ. ತಮ್ಮ ಮಕ್ಕಳನ್ನು ಅಲ್ಲಿಂದ ಬಿಡಿಸಿದ್ದೇವೆಂದ ಮಾತ್ರಕ್ಕೆ ಆ ಶಾಲೆಯು ಅನ್ಯರದಾಗಲಿಲ್ಲ.

ಹಾಜರಿ ಪುಸ್ತಕದಲ್ಲಿರುವುದು ಬರಿಯ ಹೆಸರುಗಳಲ್ಲ, ನಾಳಿನ ಕನ್ನಡ ನಾಡು. ಅದನ್ನು ಕೂಗುವಾಗ “ಹಾಜರ್” ಎಂದು ನಾವೂ ಉತ್ತರ ಕೊಡುವಂತಾಗಲಿ ಎಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.