ಕೋಲು ಯಾವ ಕೈಯಲ್ಲಿ?



ಎಡಗಡೆ ಸೊಂಟದ ಕೀಲು ನೋಯುತ್ತದೆ ಅನ್ನಿ. ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಎಡಗೈಯಲ್ಲಿ ಅಂತೀವಿ ನಾವು. ಅಲ್ಲ, ಬಲಗೈಯಲ್ಲಿ!

ಯಾಕೆ? ಹಾರೆಯಿಂದ ಬಂಡೆ ಎಬ್ಬಿಸುವುದನ್ನು ನೋಡಿದ್ದೀವಲ್ಲ. ಹಾರೆಯ ಕೆಳಗೆ ಸಣ್ಣ ಕಲ್ಲು ಕೊಡುತ್ತೇವೆ. ಹಾರೆಯ ತುದಿ ಹಿಡಿದು ಒತ್ತಿದರೆ ಬಂಡೆ ಏಳುತ್ತದೆ. ಸಣ್ಣ ಕಲ್ಲಿನ ಹತ್ತಿರ ಹಿಡಿದು ಒತ್ತಿದರೆ ಏಳದು. ದೂರದಿಂದ ಒತ್ತಿದರೆ ಸ್ವಲ್ಪ ಬಲ ಸಾಕು. ಇದಕ್ಕೆ ಸನ್ನೆ ಎಂದು ಹೆಸರು. ಎರಡೂ ಕಡೆಯ ಭಾರ ಹೊರುವುದು ಮಾತ್ರ ಆ ಸಣ್ಣ ಕಲ್ಲು.

ನಮ್ಮ ಸೊಂಟದ ಕೀಲು ಆ ಸಣ್ಣ ಕಲ್ಲಿನ ಹಾಗೆ. ನಡೆಯುವಾಗ ಬಲಗಾಲು ಎತ್ತುತ್ತೇವೆ. ಆಗ ಮೈ ಬಲಕ್ಕೆ ವಾಲುತ್ತದೆ. ಬೀಳದ ಹಾಗೆ ಎಡಸೊಂಟದ ಸ್ನಾಯು ಎಳೆದು ಹಿಡಿಯುತ್ತದೆ. ಆ ಸ್ನಾಯು ಕೀಲಿಗೆ ತೀರ ಹತ್ತಿರ. ಅದಕ್ಕೇ ಬಹಳ ಜೋರಾಗಿ ಎಳೆಯಬೇಕು. ಮೈಭಾರ, ಸ್ನಾಯುವಿನ ಎಳೆತ ಎರಡೂ ಕೀಲಿನ ಮೇಲೆ ಬೀಳುತ್ತವೆ. 50 ಕಿಲೋ ತೂಕದ ಹೆಂಗಸಿನ ಕೀಲು 100 ಕಿಲೋಗಿಂತ ಹೆಚ್ಚು ಹೊರುತ್ತದೆ!

ಬಲಗೈಯ ಕೋಲು ಆ ಕೀಲಿನಿಂದ ದೂರ. ಸ್ವಲ್ಪ ಊರಿದರೂ ಸ್ನಾಯುವಿನ ಕೆಲಸ ಬಹಳ ಇಳಿಯುತ್ತದೆ. ಕೀಲು ಹಗುರಾಗುತ್ತದೆ.

ಕೋಲು ಹಿಡಿದರೆ ಮುದುಕಿ ಅಂತಾರೆ ಅನ್ನೋ ನಾಚಿಕೆ ಬೇರೆ! ನಾವು ಬಿದ್ದು ಸೊಂಟ ಮುರಿದರೆ, ಆಡಿಕೊಂಡವರು ಬಂದು ನೀರು ಹೊರುತ್ತಾರಾ?

ನೆಟ್ಟಗೆ ನಿಂತು ಕೈ ಇಳಿಬಿಡೋಣ. ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಇರಲಿ. ತುದಿಗೆ ರಬ್ಬರ್ ಇರಲಿ, ಜಾರುವುದಿಲ್ಲ. ಕೋಲು, ನೋಯುವ ಕಾಲು ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು, ನೋಯುವ ಕಾಲು ಮೊದಲು.